ಬಾಜೂ ನಿಂತ ದೊಡ್ಡವ್ವ

ಪತ್ತೇದಾರಿ ಕತೆಗಳಲ್ಲಿ ಬರುವ ಮಕ್ಕಳಿಗೆ ಅಪ್ಪ ಅಮ್ಮ ಇರುವುದಿಲ್ಲ. ಇದ್ದರೂ ಊರಲ್ಲಿ ಇರುವುದಿಲ್ಲ. ಊರಲ್ಲಿದ್ದರೆ ಕತೆ ಒಂದನೇ ಪುಟಕ್ಕೇ ಮುಗಿದುಹೋಗುತ್ತದೆ. ಎಲ್ಲಿಗೂ ಹೋಗಬೇಡ, ಕೂತು ಓದು ಅಂದುಬಿಟ್ಟರೆ ಕಳ್ಳ ಬಚಾವು, ಮಕ್ಕಳಿಗೆ ಗಣಿತ. ಅದಕ್ಕೇ ಇಂಥ ಕತೆ ಬರೆಯುವವರು ತಂದೆತಾಯಿಯನ್ನು ಮೊದಲೇ ಎಲ್ಲಿಗಾದರೂ ಸಾಗಹಾಕಿ, ಆ ಜಾಗಕ್ಕೆ ಒಬ್ಬ ಅತ್ತೆಯನ್ನೋ ಮಾವನನ್ನೋ ತಂದು ಕೂರಿಸುತ್ತಾರೆ. ಆ ಅತ್ತೆ ಬೈಯುವುದಿಲ್ಲ. ಬುತ್ತಿ ಕಟ್ಟಿಕೊಡುತ್ತಾಳೆ. ಮೊಣಕಾಲು ತರಚಿಕೊಂಡು ಬಂದರೆ ಅರಿಶಿನ ಹಚ್ಚುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳು ಹೇಳಿದ್ದನ್ನು ನಂಬುತ್ತಾಳೆ.

ನಾನೂ ಅಂಥ ಕತೆ ಬರೆಯುವವಳೇ. ಯಾದಗಿರಿಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ, ಬಿಡುವಿನಲ್ಲಿ ಮಕ್ಕಳ ಮಾಸಿಕವೊಂದಕ್ಕೆ ಪತ್ತೇದಾರಿ ಧಾರಾವಾಹಿ ಬರೆಯುತ್ತೇನೆ. ನನ್ನ ಕತೆಗಳಲ್ಲಿ ಒಬ್ಬ ದೊಡ್ಡವ್ವ ಬರುತ್ತಾಳೆ. ಸಂಪಾದಕರು ಒಮ್ಮೆ ಫೋನು ಮಾಡಿ, ಎಲ್ಲ ಚೆನ್ನಾಗಿದೆ, ಈ ದೊಡ್ಡವ್ವ ಮಾತ್ರ ನಂಬುವ ಹಾಗಿಲ್ಲ, ಇಷ್ಟು ಒಳ್ಳೆಯ ದೊಡ್ಡವರು ಎಲ್ಲಿರುತ್ತಾರೆ, ಒಂದೆರಡು ಸಲವಾದರೂ ಬೈಯಿಸಿ ಅಂದರು. ನಾನು ನಕ್ಕೆ. ಕತೆಯಲ್ಲಿ ನಾನು ಬರೆದದ್ದೇ ಕಡಿಮೆ. ಪೂರ್ತಿ ಬರೆದಿದ್ದರೆ ಅವರು ಫೋನು ಕೂಡ ಮಾಡದೆ ಕತೆಯನ್ನು ವಾಪಸು ಕಳಿಸುತ್ತಿದ್ದರೇನೋ.

ಆ ದೊಡ್ಡವ್ವ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಮಧ್ಯಾಹ್ನದ ನಿದ್ದೆಯನ್ನು ಅಷ್ಟು ಇಷ್ಟಪಡುತ್ತಿದ್ದ ಹೆಂಗಸಿಗೆ ಇದಕ್ಕಿಂತ ಒಪ್ಪುವ ಸಾವು ಇರಲಾರದು ಎಂದು ಬಂದವರೆಲ್ಲ ಹೇಳಿದರು. ನಾನೂ ಹೌದು ಅಂದೆ. ಆದರೂ ಇವತ್ತಿಗೂ ಮಧ್ಯಾಹ್ನದ ಹೊತ್ತು ನನಗೆ ಮನೆಯಲ್ಲಿ ಕೂರಲು ಆಗುವುದಿಲ್ಲ.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದ ದೊಡ್ಡಪ್ಪ ನೌಕರಿಯಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ದೊಡ್ಡವ್ವನಿಗೆ ಅದೇ ಕಚೇರಿಯಲ್ಲಿ ಜವಾನಿಕೆ ಸಿಕ್ಕಿತ್ತು. ಅವಳಿಗೆ ಮಕ್ಕಳಿರಲಿಲ್ಲ. ನನ್ನ ಅವ್ವ ಅಪ್ಪ ಸುರಪುರದ ಕಡೆಯ ನಮ್ಮ ಹಳ್ಳಿ ಬಿಟ್ಟು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದಾಗ, ಶಾಲೆ ತಪ್ಪದಿರಲಿ ಎಂದು ನನ್ನನ್ನು ಅವಳ ಹತ್ತಿರ ಬಿಟ್ಟರು. ಭೀಮರಾಯನಗುಡಿಯಿಂದ ಆಚೆಗೆ, ಕಾಲುವೆಯ ದಂಡೆಗೆ ಒಂದು ಸಣ್ಣ ಕ್ಯಾಂಪು. ಒಂದಿಷ್ಟು ಕಲ್ಲಿನ ಕ್ವಾರ್ಟರ್ಸು, ಬೇವಿನ ಮರಗಳು, ಒಂದು ಕಚೇರಿ, ಅದರ ಮಗ್ಗುಲಿಗೆ ಸಾಮಾನಿನ ಕೋಣೆ. ಪತ್ತೇದಾರಿ ಕತೆಗೆ ಬೇಕಾದ ಅನುಕೂಲವೆಲ್ಲ ನನಗೆ ಹೀಗೆ ತಾನಾಗಿ ಒದಗಿಬಂತು ಎಂದು ಈಗ ತಮಾಷೆ ಮಾಡುತ್ತೇನೆ. ಆಗ ಬಿಕ್ಕಿ ಬಿಕ್ಕಿ ಅತ್ತಿದ್ದೆ.

ದೊಡ್ಡವ್ವನ ಬದುಕಿನಲ್ಲಿ ಅರ್ಧ ಪಾಲು ಕನಸು. ಮುಂಜಾನೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತ, ಹಿಂದಿನ ರಾತ್ರಿ ಕಂಡದ್ದನ್ನೆಲ್ಲ ಪಕ್ಕದ ಓಣಿಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದಳು. ದೊಡ್ಡಪ್ಪ ಬಂದಿದ್ದ, ಏನೂ ಅನ್ನಲಿಲ್ಲ, ಚಹಾ ಕುಡಿದು ಹೋದ ಅನ್ನುವಳು. ಒಂದು ದಿನ ಕಾಲುವೆಯಲ್ಲಿ ನೀರಿನ ಬದಲು ಜೋಳ ಹರಿಯುತ್ತಿತ್ತಂತೆ, ಕ್ಯಾಂಪಿನವರೆಲ್ಲ ಚೀಲ ಹಿಡಿದು ನಿಂತಿದ್ದರಂತೆ, ಇವಳು ಮಾತ್ರ ಚೀಲ ಮರೆತು ಬಂದಿದ್ದಳಂತೆ. ಶಹಾಪುರದ ಕಡೆ ನೋಡಿದರೆ ದೂರದಲ್ಲಿ ಒಂದು ಬೆಟ್ಟ, ಮನುಷ್ಯನೊಬ್ಬ ಅಂಗಾತ ಮಲಗಿದ ಹಾಗೆ ಕಾಣುತ್ತಿತ್ತು. ಶಾಲೆಗೆ ತಡವಾಯಿತೆಂದು ನಾನು ಗಡಿಬಿಡಿ ಮಾಡಿದರೆ, ಅವನೇ ಇನ್ನೂ ಎದ್ದಿಲ್ಲ, ನಿನಗೇನು ಅವಸರ ಎಂದು ಬೆಟ್ಟದ ಕಡೆ ಕೈ ತೋರಿಸುತ್ತಿದ್ದಳು. ಇಂಥವಳ ಮನೆಯಲ್ಲಿ ಬೆಳೆದ ನಾನು ಕತೆ ಬರೆಯದೆ ಲೆಕ್ಕ ಬರೆಯುತ್ತಿದ್ದೆನೇ?

ಕ್ಯಾಂಪಿನ ವಾಚನಾಲಯವೆಂದರೆ ಕಚೇರಿಯ ಪಡಸಾಲೆಯಲ್ಲಿದ್ದ ಒಂದು ಕಬ್ಬಿಣದ ಬೀರು. ಅದರೊಳಗೆ ಹೊದಿಕೆ ಹರಿದ ಮಕ್ಕಳ ಪತ್ತೇದಾರಿ ಪುಸ್ತಕಗಳು. ಅವನ್ನು ಓದುತ್ತಿದ್ದವರು ನಾವಿಬ್ಬರೇ, ನಾನು ಮತ್ತು ರಿಹಾನಾ. ಅವಳು ಕಚೇರಿಯ ವಾಚ್‌ಮನ್ನನ ಮಗಳು, ನನ್ನದೇ ತರಗತಿ. ಮನೆಯಲ್ಲಿ ದಖನಿ ಉರ್ದು ಮಾತಾಡಿ, ಶಾಲೆಯಲ್ಲಿ ಕನ್ನಡದಲ್ಲಿ ನನಗಿಂತ ಮೊದಲ ನಂಬರು ಬರುತ್ತಿದ್ದಳು. ಅವಳ ತಲೆಗೆ ಹೊಳೆದದ್ದೇ ನಾವೂ ಪತ್ತೇದಾರರಾಗಬೇಕು ಅನ್ನುವುದು. ನಮ್ಮ ಮೊದಲ ಕೇಸು, ಕಚೇರಿಯ ಸಾಹೇಬರ ಕುರ್ಚಿಯ ದಿಂಬು ಕಾಣೆಯಾದದ್ದು. ಒಂದು ಇಡೀ ಭಾನುವಾರ ಹುಡುಕಿ ಪತ್ತೆ ಮಾಡಿದೆವು. ಕ್ಯಾಂಪಿನ ಹೆಣ್ಣುನಾಯಿ ಅದನ್ನು ಕಟ್ಟಿಗೆಯ ಒಟ್ಟಿಲ ಹಿಂದೆ ಎಳೆದೊಯ್ದು ಅದರ ಮೇಲೆ ಮರಿ ಹಾಕಿತ್ತು. ದೊಡ್ಡವ್ವ ಬಂದು ನೋಡಿದಳು. ಮರಿಗಳು ಕಣ್ಣು ಬಿಡುವ ತನಕ ಈ ಕೇಸನ್ನು ಸಾಹೇಬರಿಗೆ ಒಪ್ಪಿಸುವ ಹಾಗಿಲ್ಲ ಎಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಳು. ಅಲ್ಲಿಯವರೆಗೂ ಸಾಹೇಬರು ಗಟ್ಟಿ ಕುರ್ಚಿಯ ಮೇಲೆ ಕೂತು ದೇಶಸೇವೆ ಮಾಡಿದರು.

ನಾವು ಏನೇ ಹೊತ್ತು ತಂದರೂ ಅವಳದು ಒಂದೇ ಕ್ರಮ. ಮೊದಲು ಮುಂದೆ ಶೇಂಗಾ ಸುರಿಯುವಳು. ಆಮೇಲೆ ನಿಧಾನಕ್ಕೆ ಕಾಲು ಚಾಚಿ ಕೂತು ಕೇಳುವಳು. ನಾವು ನಿಲ್ಲಿಸಿದಲ್ಲೆಲ್ಲ ‘ಆಮ್ಯಾಲೆ?’ ಅನ್ನುವಳು. ಯಾಕೆ ಹೋದಿರಿ, ಯಾರನ್ನು ಕೇಳಿ ಹೋದಿರಿ ಎಂದು ಅವಳು ಕೇಳಿದ್ದು ನನಗೆ ನೆನಪಿಲ್ಲ. ಕೆಲಸಕ್ಕೆ ಬಾರದ ಊಹೆಯನ್ನೂ ಕೊನೆಯವರೆಗೆ ಕೇಳುತ್ತಿದ್ದಳು, ಕೇಳುತ್ತ ಕೇಳುತ್ತ ಅದು ಕೆಲಸಕ್ಕೆ ಬಾರದ್ದು ಎಂದು ನಮಗೇ ತಿಳಿದುಬಿಡುತ್ತಿತ್ತು. ಹೆಣ್ಣುಮಕ್ಕಳನ್ನು ಹೀಗೆ ಬಿಟ್ಟರೆ ಹೇಗೆ ಎಂದು ಕ್ಯಾಂಪಿನ ಹೆಂಗಸರು ಅವಳಿಗೆ ಬುದ್ಧಿ ಹೇಳಲು ಬರುತ್ತಿದ್ದರು. ಊರ ಬಾಯಿಗೆ ಅಗಸೆ ಬಾಗಿಲು ಎಲ್ಲಿಯದು? ಅವರಿಗೂ ಶೇಂಗಾ ಸುರಿಯುತ್ತಿದ್ದಳು. ನಮಗೆ ಅವಳು ಹಾಕಿದ ಕಟ್ಟಳೆ ಒಂದೇ ಒಂದು.

‘ನೀರ್ ಇದ್ದಾಗ ಕಾಲುವಿ ಸರಕಾರದ್ದು. ಒಣಗಿದಾಗ ನಿಮ್ದು.’

ಬಿಡುವಾದಾಗ ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆ, ಹರಿದ ಅಂಗಿ, ಯಾರ ಮನೆಯ ಅರಿವೆಯಾದರೂ ಸರಿ, ಅವಳ ಕೈಯಲ್ಲಿ ಒಂದಕ್ಕೊಂದು ಬೀಗರಾಗಿಬಿಡುತ್ತಿದ್ದವು. ಕೊನೆಯ ಮೂಲೆಯ ಹೊಲಿಗೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳು. ಹಸಿದ ಹೊಟ್ಟೆಯ ಕೌದಿ ಯಾರಿಗೂ ಹೊದಿಸಬಾರದು ಅನ್ನುವುದು ಅವಳ ನಂಬಿಕೆ. ಅವಳು ಹೊಲಿದ ಕೌದಿಗಳಲ್ಲಿ ಅವಳಿಗೆ ಬಹಳ ಬೇಕಾದದ್ದು ಒಂದಿತ್ತು. ಅದು ನಮ್ಮ ಮನೆಯಲ್ಲಿ ಇರಲಿಲ್ಲ. ತಮ್ಮನಿಗೆ ಮೊದಲ ಮಗು ಹುಟ್ಟಿದಾಗ ಹೊಲಿದು ಕೊಟ್ಟದ್ದು. ನಡುವೆ ಅವಳ ಮದುವೆಯ ಹಸಿರು ಸೀರೆಯ ತುಂಡು, ನಾಲ್ಕೂ ಮೂಲೆಗೆ ದೊಡ್ಡಪ್ಪನ ಖಾಕಿ ಅಂಗಿಯಿಂದ ಕತ್ತರಿಸಿದ ತ್ರಿಕೋನಗಳು. ಅಂಥ ಖಾಕಿ ಮೂಲೆ ಬೇರೆ ಯಾವ ಕೌದಿಗೂ ಇಲ್ಲ, ಯಾಕೆಂದರೆ ಆ ಅಂಗಿ ಅಲ್ಲಿಗೇ ಮುಗಿದಿತ್ತು.

ಆ ತಮ್ಮ ವಡಗೇರಾ ಕಡೆಯ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ. ತಾಯಿ ಬೇಗ ತೀರಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ದೊಡ್ಡವ್ವನೇ. ಶ್ರಾವಣದ ಪಂಚಮಿ ಬಂತೆಂದರೆ ನಮ್ಮ ಕಡೆ ಅಣ್ಣತಮ್ಮಂದಿರು ಕೊಟ್ಟ ಮನೆಗೆ ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುತ್ತಾರೆ. ಉಂಡಿ ಕಟ್ಟುವುದು, ಜೋಕಾಲಿ ಆಡುವುದು, ಅಕ್ಕತಂಗಿಯರು ಕೂಡಿ ಮಧ್ಯಾಹ್ನವೆಲ್ಲ ಹರಟುವುದು. ಗಂಡ ಸತ್ತವಳೆಂದು ಅವನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಅವನು ಬಂದು ಕಟ್ಟೆಯ ಮೇಲೆ ಕೂತು ‘ಅಕ್ಕಾ, ನಡಿ’ ಎಂದರೆ ಸಾಕು, ದೊಡ್ಡವ್ವ ನನಗಿಂತ ಚಿಕ್ಕ ಹುಡುಗಿಯಾಗಿ ಚೀಲ ತುಂಬುತ್ತಿದ್ದಳು. ನನ್ನನ್ನೂ ಕರೆದೊಯ್ಯುತ್ತಿದ್ದಳು. ವರ್ಷವಿಡೀ ಕಡತ ಹೊತ್ತು ತಿರುಗುವವಳಿಗೆ ಇದ್ದದ್ದು ಆ ಒಂದು ಹಬ್ಬ, ಆ ಒಂದು ಮನೆ.

ಒಂದು ವರ್ಷ ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದ ಕಾಲಕ್ಕೆ ಕ್ಯಾಂಪಿನಲ್ಲಿ ನಿಜವಾದ ಕಳವು ನಡೆಯಿತು. ಗೇಟು ಎತ್ತುವ ಹ್ಯಾಂಡಲ್ ಸಾಮಾನಿನ ಕೋಣೆಯಿಂದ ಕಾಣೆಯಾಯಿತು. ಮೊಣಕೈಯಂತೆ ಬಾಗಿದ ಒಂದು ಕಬ್ಬಿಣ, ಅಷ್ಟೇ. ಆದರೆ ಅದಿಲ್ಲದೆ ಗೇಟು ಯಾರಪ್ಪನಿಗೂ ಅಲುಗುವುದಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಕೆಳಗಿನ ಹಳ್ಳಿಗಳ ಕಡೆ ಹೋಗುವ ಕಾಲುವೆಯ ಗೇಟು ಪೂರಾ ಎತ್ತಿತ್ತು, ನೀರು ಭೋರೆಂದು ಹರಿದು ಹೋಗಿತ್ತು. ಕೋಣೆಯ ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ರಿಹಾನಾಳ ಅಪ್ಪನ ಹತ್ತಿರ. ಇವನೇ ಯಾರಿಗೋ ಕೊಟ್ಟಿದ್ದಾನೆ ಎಂದು ಅವನನ್ನು ಕೆಲಸದಿಂದ ನಿಲ್ಲಿಸಿದರು. ಮಕ್ಕಳ ಪರೀಕ್ಷೆ ಮುಗಿದು ರಜೆ ಕಳೆಯುವುದರೊಳಗೆ ಕ್ವಾರ್ಟರ್ಸು ಖಾಲಿ ಮಾಡಬೇಕೆಂದೂ ಹೇಳಿದರು. ಅವನು ತಾನು ಮಾಡಿಲ್ಲ ಅಂದನೇ ಹೊರತು ಬೇರೆ ಯಾರ ಹೆಸರನ್ನೂ ಹೇಳಲಿಲ್ಲ. ರಿಹಾನಾ ಶಾಲೆಯಲ್ಲಿ ಮಾತಾಡುವುದನ್ನೇ ಬಿಟ್ಟಳು.

ನಾವು ಆ ಕೇಸು ಹಿಡಿದೆವು. ಯಾರು ಯಾರನ್ನೋ ಕೇಳಿದೆವು, ಕೋಣೆಯ ಸುತ್ತ ಹೆಜ್ಜೆ ಗುರುತು ಹುಡುಕಿದೆವು, ಏನೂ ಸಿಗಲಿಲ್ಲ. ದೊಡ್ಡವ್ವ ಬುತ್ತಿ ಕಟ್ಟುತ್ತಲೇ ಇದ್ದಳು. ಅಷ್ಟರಲ್ಲಿ ಬೆಳೆಯ ಗಡುವು ಮುಗಿದು ಕಾಲುವೆಗೆ ನೀರು ನಿಲ್ಲಿಸಿದರು. ಕಾಲುವೆ ನಮ್ಮದಾಯಿತು.

ನೀರು ನಿಂತ ಕಾಲುವೆಯೊಳಗೆ ಇಳಿದರೆ ಅದು ಬೇರೆಯೇ ಲೋಕ. ಎರಡೂ ಕಡೆ ಎತ್ತರದ ಇಳಿಜಾರು, ಮೇಲೆ ಆಕಾಶದ ಒಂದು ಪಟ್ಟಿ. ಕ್ಯಾಂಪು ಕಾಣುವುದಿಲ್ಲ, ರಸ್ತೆಯ ಬಸ್ಸಿನ ಸಪ್ಪಳ ಎಲ್ಲೋ ಕನಸಿನಲ್ಲಿ ಕೇಳಿದ ಹಾಗೆ ಕೇಳುತ್ತದೆ. ಕಾಲ ಕೆಳಗೆ ಒಣಗಿದ ಕೆಸರು ಮುರಿಯುತ್ತದೆ. ವರ್ಷವಿಡೀ ನೀರು ನುಂಗಿದ್ದೆಲ್ಲ ಅಲ್ಲಿ ಬಿದ್ದಿರುತ್ತದೆ: ಒಂಟಿ ಚಪ್ಪಲಿ, ಸೈಕಲ್ಲಿನ ಗಾಲಿ, ಯಾರೋ ಬಿಟ್ಟ ದೇವರ ಫೋಟೋದ ಚೌಕಟ್ಟು. ಉಳಿದ ಸಣ್ಣ ಮಡುಗಳಲ್ಲಿ ಬೆಳ್ಳಕ್ಕಿಗಳು ಮೀನು ಕಾಯುತ್ತ ನಿಂತಿರುತ್ತವೆ, ನಾವು ಹತ್ತಿರ ಹೋದರೂ ಹಾರುವುದಿಲ್ಲ. ನಾನೂ ರಿಹಾನಾಳೂ ನೆಲ ನೋಡುತ್ತ ನಡೆಯುತ್ತಿದ್ದೆವು. ಈ ಒಣ ನೆಲದ ಮೇಲೆ, ನಮ್ಮ ತಲೆಗಿಂತ ಎಷ್ಟೋ ಮೇಲೆ, ಮೊನ್ನೆಯವರೆಗೂ ನೀರಿತ್ತು ಅನ್ನುವುದು ನಂಬಲಿಕ್ಕಾಗುತ್ತಿರಲಿಲ್ಲ.

ಗೇಟಿನಿಂದ ಸ್ವಲ್ಪ ಕೆಳಗೆ ಅವಳ ಕಾಲಿಗೆ ಅದು ತಾಗಿತು. ಹ್ಯಾಂಡಲ್. ಕೆಸರಿನಲ್ಲಿ ಅರ್ಧ ಹೂತಿತ್ತು. ಅದರ ಸುತ್ತ ದಪ್ಪದೊಂದು ಅರಿವೆ ಬಿಗಿಯಾಗಿ ಸುತ್ತಿ ಕಟ್ಟಿತ್ತು. ರಿಹಾನಾ ಅಲ್ಲೇ ಕೂತು ಅತ್ತುಬಿಟ್ಟಳು, ನಮ್ಮ ಅಬ್ಬಾ ಬಚಾವಾದರು ಎಂದು. ನಾವಿಬ್ಬರೂ ಅದನ್ನು ಹಿಡಿದು ಓಡಿದೆವು.

ದೊಡ್ಡವ್ವ ಕಟ್ಟೆಯ ಮೇಲಿದ್ದಳು. ಶೇಂಗಾ ತರಲು ಎದ್ದವಳು ಅರಿವೆಯನ್ನು ನೋಡಿ ಮತ್ತೆ ಕೂತಳು. ಗಂಟು ಬಿಚ್ಚಿ, ಅಂಗೈಯಿಂದ ಮಣ್ಣು ಒರೆಸಿ, ತೊಡೆಯ ಮೇಲೆ ಹಾಸಿಕೊಂಡು ಬಹಳ ಹೊತ್ತು ನೋಡಿದಳು. ನಾವು ಕತೆ ಹೇಳುತ್ತಲೇ ಇದ್ದೆವು. ನಡುವೆ ನಿಲ್ಲಿಸಿದೆವು. ಅವಳು ಆಮೇಲೇನಾಯಿತೆಂದು ಕೇಳಲಿಲ್ಲ. ಕಡೆಗೆ, ನಾಳೆ ಮುಂಜಾನೆ ಸಾಹೇಬರ ಹತ್ತಿರ ಹೋಗೋಣ ಅಂದಳು.

‘ಹುಡುಕಿದವ್ರು ನೀವು, ನೀವ ಹೇಳ್ಬೇಕು. ನಾ ಬಾಜೂ ನಿಂತಿರ್ತೀನಿ.’

ಮರುದಿನ ಮೂವರೂ ಹೋದೆವು. ನಾವು ಹೇಳುತ್ತಿದ್ದರೆ ಸಾಹೇಬರು ದೊಡ್ಡವ್ವನ ಮುಖ ನೋಡುತ್ತಿದ್ದರು. ಹುಡುಗಿಯರ ಕಡೆ ನೋಡಿರಿ, ಹೇಳುತ್ತಿರುವವರು ಅವರು ಎಂದು ಅವಳು ಮೆಲ್ಲಗೆ ತಿದ್ದಿದಳು. ಸಾಹೇಬರು ಎಲ್ಲ ಕೇಳಿದರು. ಕೇಳಿ, ಹ್ಯಾಂಡಲ್ ಸಿಕ್ಕದ್ದು ಒಳ್ಳೆಯದಾಯಿತು, ಆದರೆ ಇದರಿಂದ ಏನು ಗೊತ್ತಾಯಿತು, ವಾಚ್‌ಮನ್ನನೇ ಕೆಲಸ ಮುಗಿಸಿ ನೀರಿಗೆ ಎಸೆದಿರಬಹುದಲ್ಲ ಅಂದರು. ಈ ಅರಿವೆ ಯಾರದಾದರೂ ಆಗಬಹುದು ಅಂದರು. ಪುಸ್ತಕಗಳಲ್ಲಿ ಹೀಗಾಗುತ್ತಿರಲಿಲ್ಲ. ಸುಳಿವು ಸಿಕ್ಕರೆ ಕೇಸು ಮುಗಿಯುತ್ತಿತ್ತು.

ಆಗ ದೊಡ್ಡವ್ವ ಆ ಅರಿವೆಯನ್ನು ಮೇಜಿನ ಮೇಲೆ ಬಿಡಿಸಿ ಹಾಸಿದಳು. ಮಾಸಿದ ಹಸಿರು, ಅದರ ಮೂಲೆಗೆ ಖಾಕಿ ತ್ರಿಕೋನ.

‘ಇದು ನಾ ಹೊಲ್ದ ಕೌದಿ ಮೂಲಿರಿ. ನನ್ ತಮ್ಮನ ಮನ್ಯಾಗ ಇರೂದು. ಆ ದಿನ ಅಂವ ಇಲ್ಲಿ ಬಂದಿದ್ದ.’

ಅವಳು ಸುಮ್ಮನಿದ್ದಿದ್ದರೆ ಈ ಭೂಮಿಯ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಅರಿವೆಯನ್ನು ಓದಬಲ್ಲವಳು ಅವಳೊಬ್ಬಳೇ. ನಾನು ಎಷ್ಟೋ ಪತ್ತೇದಾರಿ ಕತೆ ಓದಿದ್ದೇನೆ, ಬರೆದಿದ್ದೇನೆ. ಒಳ್ಳೆಯ ದೊಡ್ಡವರು ಅವುಗಳಲ್ಲಿ ಧಾರಾಳವಾಗಿ ಇದ್ದಾರೆ. ಆದರೆ ಮಕ್ಕಳನ್ನು ನಂಬಿದ್ದಕ್ಕೆ ಅವರ ಕೈಯಿಂದ ಏನೂ ಹೋಗುವುದಿಲ್ಲ. ನನ್ನ ದೊಡ್ಡವ್ವ ಆ ಮೇಜಿನ ಮೇಲೆ ತನ್ನ ತವರುಮನೆಯನ್ನೇ ಹಾಸಿಬಿಟ್ಟಳು.

ಆಮೇಲೆ ತಿಳಿದದ್ದು ಇಷ್ಟು. ಅಕ್ಕನನ್ನು ಕಾಣಲು ಬಂದ ತಮ್ಮ ವಾಚ್‌ಮನ್ನನ ಹತ್ತಿರ ಕೂತಿದ್ದಾನೆ. ಶುಕ್ರವಾರ, ನಮಾಜಿನ ಹೊತ್ತು. ಸ್ವಲ್ಪ ನೋಡಿಕೊಂಡಿರಿ ಎಂದು ವಾಚ್‌ಮನ್ ಸಾಮಾನಿನ ಕೋಣೆಯ ಬಾಗಿಲು ತೆರೆದಿಟ್ಟೇ ಹೋಗಿದ್ದಾನೆ. ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ಹೆಸರಿಗೆ ಮಾತ್ರ ಬರುತ್ತಿದ್ದ ಕಾಲ. ಎದುರಿಗೇ ಹ್ಯಾಂಡಲ್ ಬಿದ್ದಿದೆ. ಕೈಚೀಲಕ್ಕೆ ಹಾಸಿಕೊಂಡಿದ್ದ ಹಳೆ ಕೌದಿಯ ತುಂಡಿನಲ್ಲಿ ಅದನ್ನು ಸುತ್ತಿಕೊಂಡಿದ್ದಾನೆ. ರಾತ್ರಿ ಗೇಟು ಎತ್ತಿದ ಮೇಲೆ ಕಾಲುವೆಗೆ ಎಸೆದಿದ್ದಾನೆ. ಕ್ಯಾಂಪಿನ ಸಣ್ಣ ಹುಡುಗನೂ ಆ ತಪ್ಪು ಮಾಡುತ್ತಿರಲಿಲ್ಲ. ಆದರೆ ಅವನು ಕಾಲುವೆಯ ತುದಿಯವನು, ಅಲ್ಲಿ ಮೊಣಕಾಲುದ್ದ ನೀರು ಬಂದರೆ ಹಬ್ಬ. ದಂಡೆ ತುಂಬಿ ಹರಿಯುವ ನೀರನ್ನು ಕಂಡವನಿಗೆ ಅದು ಎಂದಾದರೂ ಬತ್ತೀತು ಎಂದು ಅನಿಸಲೇ ಇಲ್ಲ.

ರಿಹಾನಾಳ ಅಪ್ಪನಿಗೆ ಅನುಮಾನ ಬಂದಿರಲಿಲ್ಲವೇ? ಬಂದಿತ್ತಂತೆ. ಕೆಲಸ ಮರಳಿ ಸಿಕ್ಕ ದಿನ ಅವನು ನಮ್ಮ ಕಟ್ಟೆಗೆ ಬಂದು ತಲೆ ತಗ್ಗಿಸಿ ಕೂತ. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ದೊಡ್ಡವ್ವ ಕೇಳಿದಳು. ‘ಘರ್ ಕೊ ಆಯೇ ಸೊ ಮೆಹಮಾನ್ ಪೊ ಉಂಗ್ಲಿ ಕೈಸಾ ಉಠಾನಾ, ಅಕ್ಕಾ?’ ಅಂದ. ಮನೆಗೆ ಬಂದ ಅತಿಥಿಯ ಮೇಲೆ ಬೆರಳು ಎತ್ತುವುದು ಹೇಗೆ ಎಂದು. ಇಬ್ಬರೂ ಆಮೇಲೆ ಚಹಾ ಕುಡಿದರು.

ತಮ್ಮನನ್ನು ಪೊಲೀಸರು ಒಂದು ದಿನ ಠಾಣೆಯಲ್ಲಿ ಕೂಡಿಸಿ, ಹೆದರಿಸಿ ಬಿಟ್ಟರು. ಆ ನೀರು ಅವನ ಹೊಲಕ್ಕಷ್ಟೇ ಅಲ್ಲ, ಇಡೀ ಊರಿಗೆ ಹರಿದಿತ್ತು. ಊರಿಗೆ ಊರೇ ಅವನ ಬೆನ್ನಿಗೆ ನಿಂತಿತು. ಒಡಹುಟ್ಟಿದವನನ್ನು ಹಿಡಿದುಕೊಟ್ಟವಳು ಎಂದು ದೊಡ್ಡವ್ವನ ಹೆಸರು ಅಲ್ಲಿ ಕೆಟ್ಟಿತು. ತವರಿನ ದಾರಿ ಮರೆತುಬಿಡು ಎಂದು ತಮ್ಮ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ. ನಾನು ಅಂದು ಉಣ್ಣಲಿಲ್ಲ. ನಾವು ಕಾಲುವೆಗೆ ಇಳಿಯದೆ ಇದ್ದಿದ್ದರೆ ಎಂದು ಅತ್ತೆ. ದೊಡ್ಡವ್ವ ನನ್ನ ಮುಂದೆ ತಾಟು ತಂದಿಟ್ಟು ಗಲ್ಲ ಹಿಡಿದು ಎತ್ತಿದಳು.

‘ನೀವು ಹುಡುಕಿದ್ದು ಹ್ಯಾಂಡಲ್. ಕೌದಿ ಗುರ್ತ್ ಹಿಡದಾಕಿ ನಾ. ಅದನ್ನ ನೀ ಹೊರಬ್ಯಾಡ.’

ಆ ಮಾತು ಇಲ್ಲದಿದ್ದರೆ ನಾನು ಮುಂದೆ ಯಾವುದನ್ನೂ ಹುಡುಕುತ್ತಿರಲಿಲ್ಲ, ಬರೆಯುತ್ತಲೂ ಇರಲಿಲ್ಲ.

ಆ ವರ್ಷದ ಪಂಚಮಿಗೆ ಕ್ಯಾಂಪಿನ ಒಬ್ಬೊಬ್ಬ ಹೆಂಗಸನ್ನೂ ಕರೆಯಲು ಯಾರಾದರೊಬ್ಬರು ಬಂದರು. ದೊಡ್ಡವ್ವ ಉಂಡಿ ಕಟ್ಟಿ ಎಲ್ಲರ ಮನೆಗೂ ಹಂಚಿದಳು. ಮಧ್ಯಾಹ್ನ ಮಲಗಿದಳು. ಎದ್ದಾಗ, ಏನು ಕನಸು ಬಿತ್ತು ಎಂದು ಕೇಳಿದೆ. ಇವತ್ತು ಏನೂ ಬೀಳಲಿಲ್ಲ ಅಂದಳು. ಮರುವರ್ಷವೂ ಹಾಗೆಯೇ, ಅದರ ಮರುವರ್ಷವೂ ಹಾಗೆಯೇ. ಉಳಿದ ದಿನಗಳಲ್ಲಿ ಅವಳ ಕನಸುಗಳು ಮೊದಲಿನಂತೆಯೇ ಬರುತ್ತಿದ್ದವು, ಪಂಚಮಿಯ ಮಧ್ಯಾಹ್ನ ಮಾತ್ರ ಬರಿದು. ತಮ್ಮನ ಬಗ್ಗೆ ಅವಳು ಒಂದು ಕೆಟ್ಟ ಮಾತು ಆಡಿದ್ದು ನಾನು ಕೇಳಿಲ್ಲ. ತಪ್ಪು ಮಾಡಿದೆ ಎಂದು ಅವಳಿಗೆ ಅನಿಸಿದ್ದೂ ನಾನು ಕಾಣೆ. ನೋವಂತೂ ಇತ್ತು, ಅದನ್ನು ಅವಳು ಮುಚ್ಚಿಡಲಿಲ್ಲ. ಹಬ್ಬದ ದಿನ ಅವಳ ಮುಖ ನೋಡಿದರೆ ಸಾಕಿತ್ತು.

ನಿವೃತ್ತಿಯಾದ ಮೇಲೆ ದೊಡ್ಡವ್ವ ಸುರಪುರದಲ್ಲಿ ಗುಡ್ಡದ ಬುಡಕ್ಕೆ ಒಂದು ಸಣ್ಣ ಮನೆ ಹಿಡಿದಳು. ನಾನು ಯಾದಗಿರಿಯಲ್ಲಿ, ರಿಹಾನಾ ಶಹಾಪುರದ ಆಸ್ಪತ್ರೆಯೊಂದರಲ್ಲಿ ನರ್ಸು. ಇಬ್ಬರೂ ವಾರ ಬಿಟ್ಟು ವಾರ ಹೋಗಿ ಅವಳ ಮುಂದೆ ಕೂರುತ್ತಿದ್ದೆವು. ಆಸ್ಪತ್ರೆಯ ಕತೆ, ಶಾಲೆಯ ಕತೆ, ಎಲ್ಲವನ್ನೂ ಅವಳು ಹಳೆಯ ಕೇಸುಗಳಂತೆಯೇ ಕೇಳುತ್ತಿದ್ದಳು. ನನ್ನ ಧಾರಾವಾಹಿಯನ್ನು ಓದಿ ಹೇಳಿದರೆ, ನಿನ್ನ ದೊಡ್ಡವ್ವ ಬಹಳ ಶಾಣ್ಯಾ ಇದ್ದಾಳೆ, ನನ್ನಂಥವಳಲ್ಲ ಎಂದು ನಗುತ್ತಿದ್ದಳು.

ಹೋದ ವರ್ಷ ಮಳೆಗಾಲದ ಮೊದಲಲ್ಲಿ ವಡಗೇರಾ ಕಡೆಯ ಒಂದು ಶಾಲೆಗೆ ಮಕ್ಕಳಿಗೆ ಕತೆ ಹೇಳಲು ಹೋಗಿದ್ದೆ. ಮುಗಿದ ಮೇಲೆ ಅಂಬಿಕಾ ಎಂಬ ಹುಡುಗಿ ಹತ್ತಿರ ಬಂದು, ನಿಮ್ಮ ಕತೆಯ ದೊಡ್ಡವ್ವ ಖರೇನಾ ಎಂದು ಕೇಳಿದಳು. ಯಾಕೆ ಅಂದೆ. ಕತೆಯಲ್ಲಿ ಖಾಕಿ ಮೂಲೆಯ ಕೌದಿ ಬರುತ್ತದಲ್ಲ, ಅಂಥದ್ದು ನಮ್ಮ ಮನೆಯಲ್ಲಿದೆ, ಅಜ್ಜನದು, ಅದಕ್ಕೆ ಮೂರೇ ಮೂಲೆ ಖಾಕಿ, ನಾಲ್ಕನೆಯದು ಹರಿದು ಹೋಗಿದೆ, ಕೇಳಿದರೆ ಅಜ್ಜ ಎದ್ದು ಹೋಗುತ್ತಾನೆ ಅಂದಳು. ಖರೇ, ನಿಮ್ಮಜ್ಜನ ಅಕ್ಕನೇ ಅವಳು, ಸುರಪುರದಲ್ಲಿದ್ದಾಳೆ ಅಂದೆ. ಮುಂದಿನ ಭಾನುವಾರವೇ ಅವಳು ತನ್ನ ಅವ್ವನನ್ನು ಎಳೆದುಕೊಂಡು ಸುರಪುರಕ್ಕೆ ಬಂದುಬಿಟ್ಟಳು.

ದೊಡ್ಡವ್ವ ಆ ಹುಡುಗಿಯ ಮುಖ ನೋಡಿದ್ದೇ ನೋಡಿದ್ದು. ತಮ್ಮನ ಹುಬ್ಬು, ತಮ್ಮನ ಗಲ್ಲ. ಮುಂದೆ ಶೇಂಗಾ ಸುರಿದಳು. ಹುಡುಗಿ ಹಿಂದೆ ಮುಂದೆ ನೋಡದೆ ಕೇಳಿಯೇಬಿಟ್ಟಳು: ನಮ್ಮಜ್ಜ ನಿಮ್ಮನ್ನು ಯಾಕೆ ಕರೆಯುವುದಿಲ್ಲ, ಏನು ಮಾಡಿದ್ದ?

ಇಷ್ಟು ವರ್ಷಕ್ಕೆ ತವರು ತಾನಾಗಿ ಹೊಸ್ತಿಲಿಗೆ ಬಂದಿದೆ. ಏನೋ ಸಣ್ಣ ಜಗಳ, ಮರೆತು ಹೋಗಿದೆ ಅಂದರೆ ಮುಗಿಯಿತು, ಹುಡುಗಿ ನಕ್ಕುಕೊಂಡು ಬಂದು ಹೋಗಿ ಮಾಡುತ್ತಾಳೆ. ನಿಜ ಹೇಳಿದರೆ, ಇನ್ನೊಮ್ಮೆ ನನ್ನ ಮಾನ ತೆಗೆದಳು ಎಂದು ಅವನು ಈ ಬಾಗಿಲನ್ನೂ ಮುಚ್ಚಿಸುತ್ತಾನೆ. ಸುಳ್ಳು ಹೇಳಲಿ ಎಂದೇ ನಾನು ಬಯಸಿದೆ. ದೊಡ್ಡವ್ವ ಅದನ್ನೂ ಮಾಡಲಿಲ್ಲ, ಇದನ್ನೂ ಮಾಡಲಿಲ್ಲ.

‘ನಾ ಹೇಳಿದ್ರ ಅದು ನನ್ ಕತಿ ಆಗ್ತದ, ಅವ್ವಿ. ನಿಮ್ಮಜ್ಜಂದು ಅವನ ಹತ್ರನ ಅದ. ಹೋಗಿ ಅವನ್ನ ಕೇಳು. ಉಂಡ ಮ್ಯಾಲೆ ಕೇಳು, ಹಸದಾಂವಗ ಖರೇ ಹೇಳೂದು ಭಾಳ ತ್ರಾಸ.’

ಬೈದರೆ ಹೆದರಬೇಡ, ನೇರ ಇಲ್ಲಿಗೆ ಬಾ ಎಂದೂ ಸೇರಿಸಿದಳು. ಅವರು ಹೋದ ಮೇಲೆ ನಾನು ದೊಡ್ಡವ್ವನ ಮೇಲೆ ಸಿಟ್ಟಾದೆ. ಅಷ್ಟು ಸಣ್ಣ ಹುಡುಗಿಯ ತಲೆಯ ಮೇಲೆ ಅಷ್ಟು ದೊಡ್ಡ ಪ್ರಶ್ನೆ ಹೊರಿಸಿ ಕಳಿಸುವುದೇ, ಕೈಗೆ ಬಂದದ್ದನ್ನು ಹೀಗೆ ಬಿಡುವುದೇ ಎಂದು ರೇಗಿದೆ. ಕೇಳಬೇಕು ಅನಿಸಿದೆ ಆ ಹುಡುಗಿಗೆ, ಬೇಡ ಅನ್ನಲು ನಾನು ಯಾರು ಅಂದಳು. ಆಮೇಲೆ ವಾರಗಟ್ಟಲೆ ಆ ಕಡೆಯಿಂದ ಸುದ್ದಿಯಿಲ್ಲ. ಹುಡುಗಿಯೂ ಬರಲಿಲ್ಲ. ದೊಡ್ಡವ್ವ ಕೇಳಲೂ ಇಲ್ಲ.

ಪಂಚಮಿಗೆ ನಾನು ಎಂದಿನಂತೆ ಸುರಪುರದಲ್ಲಿದ್ದೆ. ಮುಂಜಾನೆ ಮೋಡ ಗುಡ್ಡದ ಮೇಲೆ ಇಳಿದಿತ್ತು, ಓಣಿ ಇನ್ನೂ ಅರೆನಿದ್ದೆಯಲ್ಲಿತ್ತು. ಮನೆ ಮುಂದೆ ಒಂದು ಆಟೋ ನಿಂತಿತು. ಅಂಬಿಕಾ ಕೆಳಗಿಳಿದು ಒಬ್ಬ ಮುದುಕನ ಕೈ ಹಿಡಿದು ಇಳಿಸಿದಳು. ಕೋಲು ಹಿಡಿದ, ಬಾಗಿದ ಮನುಷ್ಯ. ಕ್ಯಾಂಪಿನ ಕಟ್ಟೆಯ ಮೇಲೆ ಕೂತು ಕರೆಯುತ್ತಿದ್ದ ಆ ಗಟ್ಟಿಮುಟ್ಟು ಆಳು ಇವನೇ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಅವನು ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡ.

‘ಹುಡುಗಿ ಕೇಳ್ತು. ಒಯ್ದಾಂವ ನಾ, ಸಿಟ್ಟ್ ಹಿಡ್ಕೊಂಡು ಕುಂತಾಂವನೂ ನಾ ಅಂತ ಹೇಳೀನಿ. ಅಕ್ಕನ್ನ ಕರಿಯಾಕ ಬಂದೀನಿ.’

ನಾನು ಒಳಗೆ ಓಡಿದೆ. ದೊಡ್ಡವ್ವ ಮಲಗಿದ್ದಾಳೆಂದು ತಿಳಿದಿದ್ದೆ. ಅವಳು ಮಂಚದ ಅಂಚಿಗೆ ಕೂತಿದ್ದಳು. ತಲೆ ಬಾಚಿತ್ತು, ಒಳ್ಳೆಯ ಸೀರೆ ಉಟ್ಟಿದ್ದಳು, ತೊಡೆಯ ಮೇಲೆ ತುಂಬಿದ ಚೀಲ. ಅವಳು ಯಾವಾಗ ಎದ್ದಳೋ, ಯಾವಾಗ ತಯಾರಾದಳೋ ನನಗೆ ಗೊತ್ತೇ ಆಗಿರಲಿಲ್ಲ. ಬಾ, ಅವನು ಹೊರಗೆ ಕಾಯುತ್ತಿದ್ದಾನೆ ಎಂದು ಕೈ ಹಿಡಿದು ಎಳೆದೆ. ಅವಳು ಅಲುಗಲಿಲ್ಲ.

‘ತಡಿ. ಒಂದೀಟು ಕಾಯ್ಲಿ,’ ಅಂದಳು ಪಿಸುಮಾತಿನಲ್ಲಿ. ‘ನನ್ ಸಲುವಾಗಿ ಯಾರೋ ಕಾಯಾಕತ್ಯಾರ. ಕೇಳ್ಸ್ಕೋತೀನಿ.’

ಹೊರಗೆ ಕೋಲು ಕಟ್ಟೆಗೆ ತಾಗಿದ ಸದ್ದಾಯಿತು. ಅವನು ಕೆಮ್ಮಿದ. ದೊಡ್ಡವ್ವ ಕಣ್ಣು ಮುಚ್ಚಿಕೊಂಡು ಅದನ್ನೂ ಕೇಳಿದಳು.